ಎತ್ತಿ ಕಟ್ಟಿದ ನೆಲ: ಶಿಕಾಗೊ ನದಿತೀರದ ಕಾಲುದಾರಿಗಳ ಚರಿತ್ರೆ

ಗಗನಚುಂಬಿ ಕಟ್ಟಡಗಳ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ಎತ್ತರದ ಚರಿತ್ರೆಯಾಗಿ ಕಂಡಿದ್ದಾರೆ; ಯಾವ ವರ್ಷದಲ್ಲಿ ಯಾವ ಕಟ್ಟಡ ಎಷ್ಟು ಅಡಿ ಏರಿತು, ಯಾವುದು ಯಾವುದನ್ನು ಮೀರಿಸಿತು, ಉಕ್ಕಿನ ಚೌಕಟ್ಟೂ ಲಿಫ್ಟೂ ಅದಕ್ಕೆ ಹೇಗೆ ಒದಗಿಬಂದವು ಎಂಬುದೇ ಆ ಬರವಣಿಗೆಯ ಹೂರಣ. ಒಂದು ಗೋಪುರದ ಬಾಗಿಲಿನಿಂದ ಹೊರಟು ಇನ್ನೊಂದರ ಬಾಗಿಲನ್ನು ಕಾಲ್ನಡಿಗೆಯಲ್ಲಿ ಮುಟ್ಟುವ ಪಾದಚಾರಿಯ ಕಡೆಯಿಂದ ನೋಡಿದಾಗ ಮಾತ್ರ, ಎರಡು ಗೋಪುರಗಳ ನಡುವಿನ ನೆಲಕ್ಕೂ ಒಂದು ಚರಿತ್ರೆಯಿದೆ ಎಂಬುದು ಗಮನಕ್ಕೆ ಬರುತ್ತದೆ. ಅಮೆರಿಕದ ಶಿಕಾಗೊ ನಗರದಲ್ಲಿ, ಮಿಷಿಗನ್ ಸರೋವರಕ್ಕೆ ಹೊಂದಿಕೊಂಡ ನದೀಮುಖದ ಎರಡೂ ದಡಗಳಲ್ಲಿ, ಈ ನೆಲದ ಚರಿತ್ರೆ ಗಗನಚುಂಬಿಗಳ ಚರಿತ್ರೆಗಿಂತ ಸುಮಾರು ಮೂವತ್ತು ವರ್ಷ ಹಿರಿಯದು. ಏಕೆಂದರೆ ಅಲ್ಲಿ ಕಟ್ಟಡ ಏಳುವ ಮೊದಲು ನೆಲವನ್ನೇ ಎಬ್ಬಿಸಬೇಕಾಯಿತು.

ಶಿಕಾಗೊ ಎಂಬ ಹೆಸರು ಮಯಾಮಿ-ಇಲಿನಾಯ್ ಬುಡಕಟ್ಟುಗಳ ನುಡಿಯಲ್ಲಿ ಜೌಗಿನ ಬದಿಯಲ್ಲಿ ಬೆಳೆಯುವ, ಬೆಳ್ಳುಳ್ಳಿಯಂತೆ ಘಾಟು ಬೀರುವ ಒಂದು ಕಾಡುಗಿಡದ ಹೆಸರಿನಿಂದ ಬಂದದ್ದು. ಹೆಸರೇ ಹೇಳುವಂತೆ ಅದು ಒದ್ದೆ ನೆಲ. ನದಿಯ ಉತ್ತರ ದಡದಲ್ಲಿ 18ನೆಯ ಶತಮಾನದ ಕೊನೆಯಲ್ಲಿ ಮನೆ ಕಟ್ಟಿ ವ್ಯಾಪಾರ ಮಾಡಿಕೊಂಡಿದ್ದ ಆಫ್ರಿಕನ್ ಮೂಲದ ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ದು ಸಾಬಲ್, ಸ್ಥಳೀಯ ಬುಡಕಟ್ಟುಗಳ ಹೊರಗಿನವರಲ್ಲಿ ಅಲ್ಲಿ ನೆಲೆಯೂರಿದ ಮೊದಲಿಗನೆಂದು ಪ್ರಸಿದ್ಧನಾಗಿದ್ದಾನೆ. ಎದುರು ದಡದಲ್ಲಿ 1803ರಲ್ಲಿ ಅಮೆರಿಕದ ಸೇನೆ ಫೋರ್ಟ್ ಡಿಯರ್‌ಬಾರ್ನ್ ಎಂಬ ಮರದ ಕೋಟೆಯನ್ನು ಕಟ್ಟಿತು. 1812ರ ಯುದ್ಧದಲ್ಲಿ ಅದು ಸುಟ್ಟುಹೋಗಿ, 1816ರಲ್ಲಿ ಮತ್ತೆ ಎದ್ದಿತು. ಇಂದು ಆ ಕೋಟೆಯ ಗೋಡೆಗಳಿದ್ದ ಗೆರೆಯನ್ನು ಮಿಷಿಗನ್ ಅವೆನ್ಯೂ ಮತ್ತು ವ್ಯಾಕರ್ ಡ್ರೈವ್ ಕೂಡುವೆಡೆಯ ಪಾದಚಾರಿ ಹಾಸಿನಲ್ಲಿ ಹಿತ್ತಾಳೆ ಪಟ್ಟಿಗಳನ್ನು ಹುದುಗಿಸಿ ತೋರಿಸಲಾಗಿದೆ. ತಲೆಯೆತ್ತಿ ಗೋಪುರಗಳನ್ನು ನೋಡುತ್ತ ಅವನ್ನು ತುಳಿದುಕೊಂಡು ಹೋಗುವವರೇ ಹೆಚ್ಚು. ಆದರೆ ಆ ಪಟ್ಟಿಗಳು ಒಂದು ವಿಷಯದಲ್ಲಿ ದಾರಿತಪ್ಪಿಸುತ್ತವೆ: ಕೋಟೆಯ ಸೈನಿಕರು ನಡೆದಾಡಿದ ನೆಲ ಆ ಮಟ್ಟದಲ್ಲಿರಲಿಲ್ಲ, ಬಹಳ ಕೆಳಗಿತ್ತು.

ಊರು 1833ರಲ್ಲಿ ಪಟ್ಟಣವೆಂದೂ 1837ರಲ್ಲಿ ನಗರವೆಂದೂ ನೋಂದಣಿಯಾಯಿತು. 1833ರ ಒಪ್ಪಂದದ ಮೂಲಕ ಪೊಟವಾಟೊಮಿ ಮೊದಲಾದ ಬುಡಕಟ್ಟುಗಳ ಕೈಯಿಂದ ಸುತ್ತಣ ನೆಲವನ್ನು ಬರೆಸಿಕೊಂಡು ಅವರನ್ನು ಪಶ್ಚಿಮಕ್ಕೆ ಸಾಗಹಾಕಲಾಯಿತು. 1848ರಲ್ಲಿ ನದಿಯನ್ನು ಮಿಸಿಸಿಪ್ಪಿಯ ಕಡೆಯ ಹೊಳೆಗಳಿಗೆ ಜೋಡಿಸುವ ಕಾಲುವೆ ತೆರೆದ ಮೇಲೆ ಜನಸಂಖ್ಯೆ ನಾಗಾಲೋಟದಲ್ಲಿ ಬೆಳೆಯಿತು. ಸರೋವರದ ನೀರಿಗಿಂತ ಕೆಲವೇ ಅಡಿ ಮೇಲಿದ್ದ ಈ ನೆಲದಡಿ ನೀರನ್ನು ಇಂಗಲು ಬಿಡದ ಜೇಡಿಮಣ್ಣು ಇದ್ದುದರಿಂದ, ಸುರಿದ ಮಳೆಯೂ ಮನೆಗಳ ಕೊಳಚೆಯೂ ಹರಿದುಹೋಗಲು ಇಳಿಜಾರಿಲ್ಲದೆ ಬೀದಿಯಲ್ಲೇ ನಿಲ್ಲುತ್ತಿದ್ದವು. ವಸಂತದಲ್ಲಿ ಬಂಡಿಗಳು ಅಚ್ಚುಮುಳುಗುವಷ್ಟು ಹೂತುಕೊಳ್ಳುತ್ತಿದ್ದವು. ಜನರು ಹಲಗೆ ಹಾಸಿದ ಕಾಲುದಾರಿಗಳ ಮೇಲೆ ನಡೆಯುತ್ತಿದ್ದರು. 1854ರ ಕಾಲರಾ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ನಗರ ಎಚ್ಚೆತ್ತಿತು.

1855ರಲ್ಲಿ ಒಳಚರಂಡಿ ಆಯೋಗವೊಂದನ್ನು ರಚಿಸಿ, ಬಾಸ್ಟನ್ನಿನಲ್ಲಿ ನೀರು ಸರಬರಾಜಿನ ಕೆಲಸ ಮಾಡಿದ್ದ ಎಲಿಸ್ ಚೆಸ್‌ಬ್ರೊ ಎಂಬ ಎಂಜಿನಿಯರನ್ನು ಕರೆಸಲಾಯಿತು. ಕೊಳವೆಗಳನ್ನು ನೆಲದಡಿ ಹೂಳಿದರೆ ಅವು ನದಿಯ ಮಟ್ಟಕ್ಕಿಂತ ಕೆಳಗೆ ಹೋಗುತ್ತಿದ್ದವು. ಆದ್ದರಿಂದ ಅವನ್ನು ಬೀದಿಯ ಮೇಲೆಯೇ, ನದಿಯ ಕಡೆಗೆ ಇಳುಕಲಾಗಿ ಹಾಸಿ, ಸುತ್ತ ಮಣ್ಣು ತುಂಬಿ, ಅದರ ಮೇಲೆ ಹೊಸ ಬೀದಿಯನ್ನು ಕಟ್ಟಬೇಕೆಂಬುದು ಆತನ ಸಲಹೆಯಾಗಿತ್ತು. ಭೂಮಿಯೊಳಗೆ ಚರಂಡಿ ಇಳಿಯದಿದ್ದರೆ ಚರಂಡಿಯ ಮೇಲಕ್ಕೆ ಭೂಮಿಯನ್ನು ತರುವುದು ಎಂಬ ಈ ತಲೆಕೆಳಗಾದ ತರ್ಕವನ್ನು ನಗರ ಒಪ್ಪಿಕೊಂಡಿತು. ಬೀದಿಗಳು ಕೆಲವೆಡೆ ನಾಲ್ಕಡಿ, ಕೆಲವೆಡೆ ಎಂಟು-ಹತ್ತಡಿ ಮೇಲೇರಿದವು. ಹೀಗೆ ಬೀದಿ ಏರಿದಾಗ ಇದ್ದಲ್ಲೇ ಉಳಿದ ಕಟ್ಟಡಗಳ ನೆಲಮಹಡಿ ಹಗೇವಿನಂತೆ ಗುಂಡಿಗೆ ಬಿದ್ದಿತು.

ಕಟ್ಟಡಗಳ ಒಡೆಯರ ಮುಂದೆ ಎರಡೇ ದಾರಿಗಳಿದ್ದವು; ಮೊದಲ ಮಹಡಿಯನ್ನು ನೆಲಮಾಳಿಗೆಯೆಂದು ಒಪ್ಪಿಕೊಂಡು ಎರಡನೆಯದಕ್ಕೆ ಬಾಗಿಲು ತೆಗೆಯುವುದು, ಇಲ್ಲವೇ ಇಡೀ ಕಟ್ಟಡವನ್ನೇ ಎತ್ತುವುದು. ಅನುಕೂಲವಂತರು ಎತ್ತಿಸಿದರು. ಅಡಿಪಾಯವನ್ನು ಅಗೆದು ತೆರೆದು, ಗೋಡೆಗಳಡಿ ತೊಲೆಗಳನ್ನು ತೂರಿಸಿ, ತೊಲೆಗಳಡಿ ಸಾಲಾಗಿ ತಿರುಪಿನ ಜಾಕ್‌ಗಳನ್ನು ಇಟ್ಟು, ಸನ್ನೆಗೆ ಸರಿಯಾಗಿ ನೂರಾರು ಆಳುಗಳು ಒಂದೇ ಹೊತ್ತಿಗೆ ತಮ್ಮ ತಮ್ಮ ಜಾಕ್‌ಗಳನ್ನು ಅಷ್ಟಷ್ಟೇ ತಿರುಗಿಸಿದರೆ ಕಟ್ಟಡ ಗೀರು ಬೀಳದಂತೆ ಮೇಲೇಳುತ್ತಿತ್ತು. ಕೆಳಗೆ ಹೊಸ ಗೋಡೆ ಕಟ್ಟಿ ಅದನ್ನು ಕೂರಿಸುತ್ತಿದ್ದರು. 1860ರಲ್ಲಿ ಲೇಕ್ ಸ್ಟ್ರೀಟಿನಲ್ಲಿ 320 ಅಡಿ ಉದ್ದದ ಅಂಗಡಿಸಾಲೊಂದನ್ನು ಸುಮಾರು 600 ಆಳುಗಳು 6,000 ಜಾಕ್‌ಗಳ ನೆರವಿನಿಂದ ಐದು ದಿನಗಳಲ್ಲಿ ನಾಲ್ಕಡಿ ಎಂಟಂಗುಲ ಎತ್ತಿದರು. ಅಷ್ಟು ದಿನವೂ ಅಂಗಡಿಗಳು ತೆರೆದೇ ಇದ್ದವು. ಮರುವರ್ಷ ಟ್ರೆಮಾಂಟ್ ಹೌಸ್ ಎಂಬ ದೊಡ್ಡ ಇಟ್ಟಿಗೆಯ ಹೋಟೆಲನ್ನು ಅತಿಥಿಗಳ ಸಮೇತ ಆರಡಿ ಏರಿಸಲಾಯಿತು. ಮುಂದೆ ಮಲಗುವ ರೈಲ್ವೆ ಬೋಗಿಗಳಿಂದ ಜಗತ್ತಿಗೆ ಪರಿಚಿತನಾದ ಜಾರ್ಜ್ ಪುಲ್ಮನ್ ಈ ನಗರದಲ್ಲಿ ಮೊದಲು ಕೈಹಿಡಿದದ್ದು ಕಟ್ಟಡ ಎತ್ತುವ ಇದೇ ಗುತ್ತಿಗೆಯನ್ನು.

ಈ ಕೆಲಸ ಒಂದೇ ಏಟಿಗೆ ಮುಗಿಯಲಿಲ್ಲವಾದ್ದರಿಂದ, ಸುಮಾರು ಎರಡು ದಶಕಗಳ ಕಾಲ ಶಿಕಾಗೊದ ಪಾದಚಾರಿ ಸಮತಟ್ಟು ನೆಲವನ್ನೇ ಕಾಣಲಿಲ್ಲ. ಎತ್ತಿಸಿದ ಕಟ್ಟಡದ ಮುಂದೆ ಕಾಲುದಾರಿ ಎತ್ತರದಲ್ಲಿ, ಎತ್ತಿಸದ ನೆರೆಮನೆಯ ಮುಂದೆ ತಗ್ಗಿನಲ್ಲಿ, ನಡುವೆ ಮೆಟ್ಟಿಲು; ನಾಲ್ಕು ಹೆಜ್ಜೆಗೊಮ್ಮೆ ಹತ್ತಿ ಇಳಿಯುವ ಈ ಬೀದಿಗಳು ಆ ಕಾಲದ ಪ್ರವಾಸಿಗಳ ಪರಿಹಾಸ್ಯಕ್ಕೆ ವಸ್ತುವಾದವು. ಬೀದಿಗೂ ಕಟ್ಟಡಕ್ಕೂ ನಡುವೆ ಉಳಿದ ಹಳೆಯ ತಗ್ಗಿನ ಮೇಲೆ ಮುಚ್ಚಿಗೆ ಹಾಕಿದ್ದರಿಂದ ಹೊಸ ಕಾಲುದಾರಿಗಳು ಒಳಗೆ ಟೊಳ್ಳಾಗಿಯೇ ಇದ್ದವು. ಅಂಗಡಿಯವರು ಆ ಟೊಳ್ಳನ್ನು ಕಲ್ಲಿದ್ದಲು ಮತ್ತು ಸಾಮಾನು ತುಂಬುವ ಉಗ್ರಾಣವಾಗಿ ಬಳಸಿದರು. ಪಿಲ್ಸನ್ ಮೊದಲಾದ ಹಳೆಯ ಕೇರಿಗಳಲ್ಲಿ ಬೀದಿಗಿಂತ ಒಂದಾಳು ತಗ್ಗಿನಲ್ಲಿರುವ ಅಂಗಳಗಳೂ ಅವುಗಳನ್ನು ದಾಟಿ ಎರಡನೆಯ ಮಹಡಿಯ ಬಾಗಿಲಿಗೆ ಹೋಗುವ ಪುಟ್ಟ ಮೆಟ್ಟಿಲುಸೇತುವೆಗಳೂ ಈಗಲೂ ಉಳಿದಿವೆ.

ಹತ್ತುವುದು ಇಳಿಯುವುದು ಸಾಲದೆಂಬಂತೆ ಕಾಯುವ ಕಷ್ಟವೂ ಇತ್ತು. ನದಿಯೇ ಬಂದರಾಗಿದ್ದ ಕಾಲದಲ್ಲಿ ಎತ್ತರದ ಪಾಯಿಮರದ ಹಡಗುಗಳು ದಾಟುವಾಗಲೆಲ್ಲ ಸೇತುವೆಗಳನ್ನು ಪಕ್ಕಕ್ಕೆ ತಿರುಗಿಸಿಡುತ್ತಿದ್ದರು; ದಡದಲ್ಲಿ ಜನರ ದಂಡು ನಿಲ್ಲುತ್ತಿತ್ತು. ಇದಕ್ಕೆ ಪರಿಹಾರವಾಗಿ 1869ರಲ್ಲಿ ವಾಷಿಂಗ್ಟನ್ ಸ್ಟ್ರೀಟಿನಲ್ಲೂ 1871ರಲ್ಲಿ ಲಾಸಾಲ್ ಸ್ಟ್ರೀಟಿನಲ್ಲೂ ನದಿಯ ಅಡಿಯಲ್ಲಿ ಬಂಡಿಗಳಿಗೂ ಪಾದಚಾರಿಗಳಿಗೂ ಸುರಂಗಗಳನ್ನು ಕೊರೆಯಲಾಯಿತು. ಲಾಸಾಲ್ ಸುರಂಗ ತೆರೆದ ಕೆಲವೇ ತಿಂಗಳಲ್ಲಿ, 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಬೆಂಕಿ ನಗರದ ನಡುಭಾಗವನ್ನು ಸುಟ್ಟಾಗ, ಉತ್ತರಕ್ಕೆ ಓಡಿದ ಜನರಲ್ಲಿ ಅನೇಕರು ಅದರೊಳಗೆ ನುಗ್ಗಿ ಜೀವ ಉಳಿಸಿಕೊಂಡರು. ಸುಮಾರು 300 ಜನರು ಸತ್ತು ಒಂದು ಲಕ್ಷ ಜನರು ನಿರಾಶ್ರಿತರಾದ ಆ ಅನಾಹುತದಲ್ಲಿ ಬೆಂಕಿಯನ್ನು ಬೀದಿಯಿಂದ ಬೀದಿಗೆ ಒಯ್ದವುಗಳಲ್ಲಿ ಮೈಲಿಗಟ್ಟಲೆ ಉದ್ದದ ಆ ಹಲಗೆಯ ಕಾಲುದಾರಿಗಳೂ ಸೇರಿದ್ದವು.

ಬೆಂಕಿಯ ಅವಶೇಷವನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಗೆ ನಗರ ಕಂಡುಕೊಂಡ ಉತ್ತರವೂ ನೆಲದ ಚರಿತ್ರೆಗೇ ಸೇರಿದ್ದು. ಆಗ ಮಿಷಿಗನ್ ಅವೆನ್ಯೂ ಸರೋವರದ ಅಂಚಿನ ಬೀದಿಯಾಗಿತ್ತು. ನೀರಿನೊಳಗೆ ಸ್ವಲ್ಪ ದೂರದಲ್ಲಿ ಮರದ ಕಂಬಗಳ ಮೇಲೆ ಇಲಿನಾಯ್ ಸೆಂಟ್ರಲ್ ಕಂಪನಿಯ ರೈಲುಹಳಿಗಳು ಹಾದುಹೋಗುತ್ತಿದ್ದವು. ಬೀದಿಗೂ ಹಳಿಗೂ ನಡುವಿನ ನೀರಿಗೆ ಸುಟ್ಟ ಇಟ್ಟಿಗೆ, ಬೂದಿ, ಕರಗಿದ ಕಬ್ಬಿಣವನ್ನೆಲ್ಲ ಸುರಿದಾಗ ಹೊಸ ನೆಲವೊಂದು ಮೂಡಿತು. ಗ್ರಾಂಟ್ ಪಾರ್ಕಿನ ಒಂದು ಭಾಗವೂ 1893ರಲ್ಲಿ ಎದ್ದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡವೂ ನಿಂತಿರುವುದು ಹೀಗೆ ತುಂಬಿದ ನೆಲದ ಮೇಲೆ. ಅದೇ ಕಟ್ಟಡದಲ್ಲಿ ಅದೇ ವರ್ಷದ ಸೆಪ್ಟೆಂಬರ್ 11ರಂದು ಆರಂಭವಾದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದರು. ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಅತಿಥಿಯಾಗಿದ್ದುದನ್ನೂ ಅವರ ವಿದೇಶಯಾತ್ರೆಗೆ ಮಹಾರಾಜರು ನೆರವಾದುದನ್ನೂ ಕನ್ನಡಿಗರು ಬಲ್ಲರು. ವಿವೇಕಾನಂದರು ನಿಂತು ಮಾತನಾಡಿದ ವೇದಿಕೆಯ ಅಡಿಯಲ್ಲಿ ಇಪ್ಪತ್ತೆರಡು ವರ್ಷ ಹಿಂದೆ ಸುಟ್ಟ ನಗರದ ಅವಶೇಷವಿತ್ತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಗಗನಚುಂಬಿಗಳು ಹುಟ್ಟಿದ್ದು ಇಂಥ ನೆಲದ ಮೇಲೆ. ವಿಲಿಯಂ ಲೆ ಬ್ಯಾರನ್ ಜೆನ್ನಿ ರೂಪಿಸಿ 1885ರಲ್ಲಿ ಮುಗಿದ ಹತ್ತು ಮಹಡಿಯ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಅವುಗಳಲ್ಲಿ ಮೊದಲನೆಯದೆಂದು ಬಹಳ ಕಾಲ ಹೇಳಿಕೊಂಡು ಬರಲಾಗಿದೆ. ಭಾರವನ್ನು ಗೋಡೆಗಳ ಬದಲು ಲೋಹದ ಚೌಕಟ್ಟಿಗೆ ಹೊರಿಸಿದ್ದು ಅದರ ಹಿರಿಮೆ. 1931ರಲ್ಲಿ ಅದನ್ನು ಕೆಡವಲಾಯಿತು. ಆದರೆ ಚೌಕಟ್ಟಿಗಿಂತ ಕಠಿಣವಾದ ಸಮಸ್ಯೆ ಕೆಳಗಿತ್ತು. ಮೆತ್ತನೆಯ ಜೇಡಿಯ ಪದರ ಆಳಕ್ಕೆ ಹಬ್ಬಿತ್ತು, ಗಟ್ಟಿ ಬಂಡೆ ನೂರಡಿಯಷ್ಟು ಕೆಳಗಿತ್ತು. ಜಾನ್ ವೆಲ್‌ಬಾರ್ನ್ ರೂಟ್ ಎಂಬ ವಾಸ್ತುಶಿಲ್ಪಿ 1880ರ ದಶಕದ ಮೊದಲಲ್ಲಿ ಇದಕ್ಕೊಂದು ಉಪಾಯ ಹೂಡಿದ: ರೈಲುಹಳಿಗಳನ್ನು ಉದ್ದಕ್ಕೊಂದು ಅಡ್ಡಕ್ಕೊಂದು ಪದರವಾಗಿ ಜೋಡಿಸಿ, ಕಾಂಕ್ರೀಟಿನಲ್ಲಿ ಮುಳುಗಿಸಿ, ಅಗಲವಾದ ಚಪ್ಪಟೆ ತಳವೊಂದನ್ನು ಮಾಡಿದರೆ, ಕೆಸರಿನ ಮೇಲೆ ಹಾಸಿದ ಹಲಗೆಯಂತೆ ಅದು ಭಾರವನ್ನು ಹರಡಿ ಕಟ್ಟಡವನ್ನು ಜೇಡಿಯ ಮೇಲೆ ತೇಲಿಸಬಲ್ಲದು. ತೇಲುವುದೆಂದರೆ ಸ್ವಲ್ಪ ಮುಳುಗುವುದೂ ಹೌದಾದ್ದರಿಂದ, ಕಟ್ಟಡ ಎಷ್ಟು ಅಂಗುಲ ಇಳಿದೀತೆಂದು ಮೊದಲೇ ಲೆಕ್ಕಹಾಕಿ ಅಷ್ಟು ಎತ್ತರಿಸಿ ಕಟ್ಟುವ ವಾಡಿಕೆ ಬೆಳೆಯಿತು.

ಲೆಕ್ಕ ಯಾವಾಗಲೂ ಸರಿಹೋಗುತ್ತಿರಲಿಲ್ಲ ಎಂಬುದಕ್ಕೆ ರೂಟನ ಕೊನೆಯ ಕೃತಿಗಳಲ್ಲೊಂದಾದ ಮೊನಾಡ್ನಾಕ್ ಕಟ್ಟಡವೇ ಸಾಕ್ಷಿ. 1891ರಲ್ಲಿ ಮುಗಿದ ಅದರ ಉತ್ತರಾರ್ಧ ಉಕ್ಕಿನ ಚೌಕಟ್ಟಿನ ಕಾಲದಲ್ಲೂ ಹಳೆಯ ಪದ್ಧತಿಯಂತೆ ಇಟ್ಟಿಗೆಯ ಹೊರಗೋಡೆಗಳ ಮೇಲೆ ಹದಿನಾರು ಮಹಡಿ ಏರಿದ್ದರಿಂದ, ಬುಡದಲ್ಲಿ ಗೋಡೆ ಆರಡಿ ದಪ್ಪವಾಗಬೇಕಾಯಿತು. ಎಂಟು ಅಂಗುಲ ಇಳಿಯಬಹುದೆಂದು ಎಣಿಸಿದ್ದ ಆ ಭಾರದ ರಾಶಿ 20ನೆಯ ಶತಮಾನದ ನಡುವಿನ ಹೊತ್ತಿಗೆ ಇಪ್ಪತ್ತು ಅಂಗುಲ ಇಳಿದಿತ್ತು. ಬೀದಿಯಿಂದ ಒಳಗೆ ಹೋಗುವವರು ಮೆಟ್ಟಿಲು ಹತ್ತುವ ಬದಲು ಇಳಿಯಬೇಕಾಯಿತು. ಆಡ್ಲರ್ ಮತ್ತು ಸಲಿವನ್ ಎಂಬ ವಾಸ್ತುಶಿಲ್ಪಿ ಜೋಡಿಯ ಆಡಿಟೋರಿಯಂ ಕಟ್ಟಡದಲ್ಲಿ (1889) ಗೋಪುರದ ಭಾಗ ಉಳಿದದ್ದಕ್ಕಿಂತ ಹೆಚ್ಚು ಕುಸಿದು ನೆಲವೇ ಇಳಿಜಾರಾಯಿತು. ಬೀದಿಯನ್ನು ಎತ್ತಿ ಮೂವತ್ತು ವರ್ಷವಾಗುವಷ್ಟರಲ್ಲಿ ಕಟ್ಟಡಗಳು ಅದೇ ಬೀದಿಯ ಅಂಚಿನಲ್ಲಿ ಮತ್ತೆ ಕೆಳಗಿಳಿಯತೊಡಗಿದ್ದವು.

ಕೊನೆಗೆ ಉಪಯೋಗಕ್ಕೆ ಬಂದದ್ದು ಬಾವಿ ತೋಡುವ ಹಳೆಯ ವಿದ್ಯೆ. 1893-94ರಲ್ಲಿ ಷೇರುಪೇಟೆಯ ಕಟ್ಟಡವನ್ನು ಕಟ್ಟುವಾಗ ಪಕ್ಕದ ಪತ್ರಿಕಾ ಕಚೇರಿಯ ಮುದ್ರಣಯಂತ್ರಗಳು ಅಲುಗಬಾರದೆಂಬ ಕಾರಣಕ್ಕೆ, ಒಂದು ಬದಿಯ ಗೋಡೆಯಡಿ ಆಳುಗಳಿಂದ ದುಂಡನೆಯ ಗುಣಿಗಳನ್ನು ಆಳಕ್ಕೆ ತೋಡಿಸಿ, ಮಣ್ಣು ಕುಸಿಯದಂತೆ ಮರದ ಹಲಗೆಗಳನ್ನೂ ಕಬ್ಬಿಣದ ಬಳೆಗಳನ್ನೂ ಒಳಗಟ್ಟಾಗಿ ಕೊಟ್ಟು, ಗಟ್ಟಿಪದರ ಸಿಕ್ಕಿದ ಮೇಲೆ ಕಾಂಕ್ರೀಟ್ ತುಂಬಲಾಯಿತು. ಕೇಸನ್ ಎಂದು ಕರೆಯುವ ಈ ತುಂಬುಬಾವಿಗಳು ನಗರದ ಮುಂದಿನ ಬಹುಪಾಲು ದೊಡ್ಡ ಕಟ್ಟಡಗಳಿಗೆ ಕಾಲಾದವು. ಢಾಕಾದಲ್ಲಿ ಹುಟ್ಟಿ ಶಿಕಾಗೊದಲ್ಲಿ ದುಡಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಜೊತೆಗೂಡಿ ನದಿಯ ದಕ್ಷಿಣ ಕವಲಿನ ಬದಿಯಲ್ಲಿ ನಿಲ್ಲಿಸಿದ 110 ಮಹಡಿಯ ಸಿಯರ್ಸ್ ಟವರ್ ಬಂಡೆಯವರೆಗೆ ಇಳಿದ 114 ಕೇಸನ್‌ಗಳ ಮೇಲೆ ನಿಂತಿದೆ. ಜಗತ್ತಿನ ಅತಿ ಎತ್ತರದ ಕಟ್ಟಡವೆಂಬ ಕೀರ್ತಿ ಸುಮಾರು ಕಾಲು ಶತಮಾನ ಅದರದಾಗಿತ್ತು. 2009ರಿಂದ ಅದರ ಹೆಸರು ವಿಲಿಸ್ ಟವರ್.

1900ರಲ್ಲಿ ಇನ್ನೊಂದು ಮಹಾಕಾರ್ಯ ನಡೆಯಿತು. ಕುಡಿಯುವ ನೀರಿನ ಸರೋವರಕ್ಕೆ ಕೊಳಚೆ ಸೇರುವುದನ್ನು ತಪ್ಪಿಸಲು 28 ಮೈಲಿಯ ಕಾಲುವೆ ತೋಡಿ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಲಾಯಿತು. ಅದರ ಪರಿಣಾಮವಾಗಿ ನದಿಯ ನೀರಿನ ಮಟ್ಟ ತಗ್ಗಿದಾಗ ಹಳೆಯ ಸುರಂಗಗಳ ಬೆನ್ನು ಹಡಗುಗಳ ತಳಕ್ಕೆ ತಗುಲತೊಡಗಿತು. ಅವನ್ನು ಇನ್ನೂ ಆಳಕ್ಕೆ ಇಳಿಸಿ ಕಟ್ಟಬೇಕಾಗಿ ಬಂದು, ಮುಂದೆ ಅವು ಟ್ರಾಂ ಗಾಡಿಗಳ ಪಾಲಾದವು. ಅಷ್ಟರಲ್ಲಿ ನಗರದ ನಡುಭಾಗವನ್ನು 1897ರಲ್ಲಿ ಪೂರ್ತಿಗೊಂಡ ಎತ್ತರದ ರೈಲುಮಾರ್ಗ ಬಳೆಯಂತೆ ಸುತ್ತುವರಿದಿತ್ತು. ಆ ಭಾಗಕ್ಕೆ ಇಂದಿಗೂ ಇರುವ ಲೂಪ್ ಎಂಬ ಹೆಸರಿಗೆ ಈ ಸುತ್ತುಮಾರ್ಗದಿಂದ ಬಲ ಬಂತು. ನೆಲದಡಿ ಸುಮಾರು 40 ಅಡಿ ಆಳದಲ್ಲಿ, ದೂರವಾಣಿ ತಂತಿಗಳಿಗೆಂದು 1899ರಲ್ಲಿ ಅನುಮತಿ ಪಡೆದ ಕಂಪನಿಯೊಂದು ಕಲ್ಲಿದ್ದಲು, ಬೂದಿ, ಸರಕು ಸಾಗಿಸುವ ಪುಟ್ಟ ರೈಲುಗಳ ಸುರಂಗಜಾಲವನ್ನೇ ಕೊರೆದುಬಿಟ್ಟಿತ್ತು. ಅದು ಬೆಳೆದು ಸುಮಾರು 60 ಮೈಲಿಯಾಯಿತು. ತಲೆಯ ಮೇಲೆ ರೈಲು, ಕಾಲಡಿ ರೈಲು, ನಡುವೆ ಕುದುರೆಗಾಡಿ ಮೋಟಾರುಗಳ ನೂಕುನುಗ್ಗಲು: ಪಾದಚಾರಿಗೆಂದು ಪ್ರತ್ಯೇಕವಾಗಿ ಯೋಚಿಸಿದವರು ಇನ್ನೂ ಯಾರೂ ಇರಲಿಲ್ಲ.

ಡೇನಿಯಲ್ ಬರ್ನಂ ಮತ್ತು ಎಡ್ವರ್ಡ್ ಬೆನೆಟ್ 1909ರಲ್ಲಿ ಪ್ರಕಟಿಸಿದ ನಗರಯೋಜನೆಯಲ್ಲಿ ಮೊದಲ ಬಾರಿಗೆ ನದಿಯ ದಡವನ್ನು ನಡೆದಾಡುವ ಸ್ಥಳವಾಗಿ ಕಲ್ಪಿಸಿಕೊಳ್ಳಲಾಯಿತು. ಅವರ ಸೂತ್ರ ಸರಳ: ಬೀದಿಯನ್ನು ಎರಡು ಅಟ್ಟಗಳಾಗಿ ಸೀಳಿ, ಕೆಳಗಿನದನ್ನು ಸರಕಿಗೂ ಮೇಲಿನದನ್ನು ಜನರಿಗೂ ಬಿಡುವುದು. ಯೋಜನೆಯ ಮಂಡಳಿಗೆ ಚಾರ್ಲ್ಸ್ ವ್ಯಾಕರ್ ಎಂಬ ಬಿಯರ್ ಉದ್ಯಮಿ ಅಧ್ಯಕ್ಷನಾದ. ನಾಳಿನ ಮತದಾರರಿಗೆ ಇಂದೇ ಪಾಠ ಹೇಳಬೇಕೆಂದು ಯೋಜನೆಯ ಸಾರವನ್ನು ಪಠ್ಯಪುಸ್ತಕವಾಗಿಸಿ ನಗರದ ಶಾಲಾಮಕ್ಕಳಿಗೆ ಓದಿಸಿದ್ದು, ಪ್ರಚಾರದ ಚರಿತ್ರೆಯಲ್ಲಿಯೇ ಒಂದು ಜಾಣ ನಡೆ.

ಸೂತ್ರದ ಮೊದಲ ಫಲ 1920ರ ಮೇ ತಿಂಗಳಲ್ಲಿ ತೆರೆದ ಮಿಷಿಗನ್ ಅವೆನ್ಯೂ ಸೇತುವೆ. ಇದು ಎರಡು ಅಟ್ಟಗಳಿರುವ, ನಡುವೆ ಸೀಳಿ ಎರಡು ಬದಿಗೂ ಮೇಲೇಳುವ ಸೇತುವೆ. ಏತದ ಮರದ ಹಿಂತುದಿಗೆ ಕಲ್ಲು ಕಟ್ಟಿ ಬಾನಿಯ ಭಾರವನ್ನು ಸರಿದೂಗಿಸುವ ತತ್ತ್ವವನ್ನೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಅಳವಡಿಸಲಾಗಿದೆ: ಸೇತುವೆಯ ಎಲೆಯೊಂದರ ಹಿಂಬದಿಗೆ, ದಡದೊಳಗಿನ ಗುಂಡಿಯಲ್ಲಿ, ಅದಕ್ಕೆ ಸಮನಾದ ತೂಕವನ್ನು ಕೂರಿಸಿರುವುದರಿಂದ, ದೊಡ್ಡ ಅಚ್ಚೊಂದರ ಮೇಲೆ ಅದನ್ನು ತಿರುಗಿಸಲು ಸಣ್ಣ ಮೋಟಾರುಗಳೇ ಸಾಕಾಗುತ್ತವೆ. ಮೇಲಿನ ಅಟ್ಟ ನದಿಯಿಂದ ಸಾಕಷ್ಟು ಎತ್ತರದಲ್ಲಿರಬೇಕಾದ್ದರಿಂದ ಎರಡೂ ಬದಿಯ ಬೀದಿಯನ್ನೂ ಆ ಮಟ್ಟಕ್ಕೆ ಏರಿಸಲಾಯಿತು. ಹೀಗೆ 1850ರ ದಶಕದಲ್ಲಿ ಒಮ್ಮೆ ಎದ್ದಿದ್ದ ನೆಲ ಇಲ್ಲಿ ಎರಡನೆಯ ಬಾರಿ ಎದ್ದಿತು. ದಕ್ಷಿಣ ದಡದಲ್ಲಿ ಹಣ್ಣು ತರಕಾರಿಯ ಸಗಟು ಮಂಡಿಯಾಗಿದ್ದ ಸೌತ್ ವಾಟರ್ ಸ್ಟ್ರೀಟನ್ನು ತೆರವುಗೊಳಿಸಿ 1926ರಲ್ಲಿ ಕಟ್ಟಿದ ಎರಡಟ್ಟದ ಬೀದಿಗೆ ವ್ಯಾಕರನ ಹೆಸರನ್ನೇ ಇಟ್ಟರು. ಮೇಲಿನ ಅಟ್ಟದಲ್ಲಿ ಬಿಸಿಲು, ದೀಪಸ್ತಂಭ, ಕಲ್ಲಿನ ಕಟಾಂಜನ. ಕೆಳಗೆ ಕಂಬಗಳ ಸಾಲು, ಹಸಿರು ದೀಪದ ಮಬ್ಬು, ಲಾರಿಗಳು. ಬರ್ನಂನ ಸೂತ್ರ ಪಾದಚಾರಿಗೆ ಮೇಲಿನ ಸ್ಥಾನ ಕೊಟ್ಟಿತೇನೋ ಹೌದು, ಆದರೆ ನದಿಯ ನೀರಿನಿಂದ ಅವನನ್ನು ಎರಡು ಮಹಡಿ ದೂರ ಮಾಡಿತು.

ಸೇತುವೆಯ ಉತ್ತರ ತುದಿಯಲ್ಲಿ, ದು ಸಾಬಲನ ಮನೆಯಿದ್ದ ಜಾಗದಲ್ಲಿ ಆಗ ಸಾಬೂನಿನ ಕಾರ್ಖಾನೆಯೂ ಸುತ್ತ ಗೋದಾಮುಗಳೂ ಇದ್ದವು. ಸೇತುವೆ ತೆರೆದ ಮರುವರ್ಷವೇ ಚ್ಯೂಯಿಂಗ್ ಗಮ್ ತಯಾರಕ ವಿಲಿಯಂ ರಿಗ್ಲಿಯ ಬಿಳಿ ಕಟ್ಟಡದ ದಕ್ಷಿಣ ಭಾಗ, ಗಡಿಯಾರ ಗೋಪುರದ ಸಮೇತ, ಆ ತುದಿಯಲ್ಲಿ ತಲೆಯೆತ್ತಿತು. ಉತ್ತರ ಭಾಗ 1924ರಲ್ಲಿ ಸೇರಿತು. ಎರಡರ ನಡುವಿನ ಓಣಿಯನ್ನು ಕೆಳಮಹಡಿಗಳಲ್ಲಿ ಜೋಡಿಸಿದ್ದು ಸಹಜವೇ; ಆದರೆ 1931ರಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿ ಗಾಳಿಯಲ್ಲಿ ತೂಗಿದಂತೆ ಇನ್ನೊಂದು ಸೇತುವೆ ಬಂತು. ಅದಕ್ಕೆ ಕಾರಣ ಬ್ಯಾಂಕಿನ ಕಾನೂನು. ಬ್ಯಾಂಕುಗಳು ಶಾಖೆ ತೆರೆಯುವುದಕ್ಕೆ ಆಗ ನಿರ್ಬಂಧವಿದ್ದು, ಎರಡೂ ಗೋಪುರಗಳಲ್ಲಿ ಕಚೇರಿ ಹಿಡಿದಿದ್ದ ಬ್ಯಾಂಕೊಂದು ಅವು ಎರಡಲ್ಲ ಒಂದೇ ಎಂದು ತೋರಿಸಬೇಕಾಗಿತ್ತು. ನಡೆದುಹೋಗುವ ದಾರಿಯೊಂದಿದ್ದರೆ ಕಾನೂನಿನ ಕಣ್ಣಿಗೆ ಎರಡು ಒಂದಾಗುತ್ತಿತ್ತು. ಬೀದಿಯಲ್ಲಿ ನಿಂತು ಮೇಲೆ ನೋಡುವವರು ಅದನ್ನು ಅಲಂಕಾರವೆಂದೇ ಭಾವಿಸುತ್ತಾರೆ.

ಎದುರು ಬದಿಯ ಟ್ರಿಬ್ಯೂನ್ ಟವರ್ ಒಂದು ಪತ್ರಿಕೆ 1922ರಲ್ಲಿ ಏರ್ಪಡಿಸಿದ ಸ್ಪರ್ಧೆಯ ಫಲ. 23 ದೇಶಗಳಿಂದ 260ಕ್ಕೂ ಹೆಚ್ಚು ನಕ್ಷೆಗಳು ಬಂದವು. ಹವೆಲ್ಸ್ ಮತ್ತು ಹುಡ್ ಜೋಡಿ ಗೆದ್ದು 1925ರಲ್ಲಿ ಗಾಥಿಕ್ ಶೈಲಿಯ ಗೋಪುರವನ್ನು ಮುಗಿಸಿತು, ಆದರೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹೆಚ್ಚು ಅಭ್ಯಸಿಸಿದ್ದು ಎರಡನೆಯ ಸ್ಥಾನ ಪಡೆದ, ಎಂದೂ ಕಟ್ಟದ, ಫಿನ್ಲೆಂಡಿನ ಎಲಿಯೆಲ್ ಸಾರಿನೆನ್ ನಕ್ಷೆಯನ್ನು. ಪಾದಚಾರಿಗೆ ಈ ಕಟ್ಟಡದಲ್ಲಿ ಸ್ವಾರಸ್ಯವಿರುವುದು ಶಿಖರದಲ್ಲಲ್ಲ, ಕೈಗೆಟುಕುವ ಎತ್ತರದ ಗೋಡೆಯಲ್ಲಿ. ಪತ್ರಿಕೆಯ ಒಡೆಯ ರಾಬರ್ಟ್ ಮೆಕಾರ್ಮಿಕ್ ತನ್ನ ವರದಿಗಾರರಿಂದ ತರಿಸಿದ, ಜಗತ್ತಿನ ನಾನಾ ಕಟ್ಟಡಗಳ ಕಲ್ಲಿನ ಚೂರುಗಳನ್ನು ಹೊರಗೋಡೆಯಲ್ಲಿ ಹೆಸರು ಕೆತ್ತಿ ಕೂರಿಸಲಾಗಿದೆ. ಪಾರ್ಥೆನಾನ್, ಚೀನದ ಮಹಾಗೋಡೆ, ಪಿರಮಿಡ್ ಇವುಗಳ ಜೊತೆ ತಾಜಮಹಲಿನ ಚೂರೂ ಒಂದಿದೆ. ಅವುಗಳಲ್ಲಿ ಎಷ್ಟನ್ನು ಕೇಳಿ ತಂದರು, ಎಷ್ಟನ್ನು ಕೇಳದೆ ತಂದರು ಎಂಬ ಪ್ರಶ್ನೆ ಅವನ್ನು ಮುಟ್ಟಿ ನೋಡುವವರಿಗೆ ತಾನಾಗಿಯೇ ಏಳುತ್ತದೆ.

ನದಿಗುಂಟ ಪಶ್ಚಿಮಕ್ಕೆ ಹೋದಂತೆ ಎರಡು ದಡಗಳಲ್ಲೂ ಗೋಪುರಗಳು ದಟ್ಟವಾಗುತ್ತವೆ. 1930ರಲ್ಲಿ ತೆರೆದ ಮರ್ಚಂಡೈಸ್ ಮಾರ್ಟ್ ಎತ್ತರಕ್ಕಿಂತ ಹರವಿಗೆ ಹೆಸರಾದದ್ದು. 40 ಲಕ್ಷ ಚದರಡಿಯ ಅದು ಪೆಂಟಗನ್ ಬರುವವರೆಗೆ ಜಗತ್ತಿನ ಅತಿ ದೊಡ್ಡ ಕಟ್ಟಡವಾಗಿತ್ತು. 1960ರ ದಶಕದಲ್ಲಿ ಬರ್ಟ್ರಂಡ್ ಗೋಲ್ಡ್‌ಬರ್ಗ್ ಕಟ್ಟಿದ ಮರೀನಾ ಸಿಟಿಯ ದುಂಡನೆಯ ಜೋಡಿ ಗೋಪುರಗಳನ್ನು ಅಲ್ಲಿಯ ಜನ ಮುಸುಕಿನ ಜೋಳದ ತೆನೆಗಳೆಂದು ಕರೆಯುತ್ತಾರೆ. ಅವುಗಳ ಹಿಂದೆ ಇದ್ದದ್ದು ಕಟ್ಟಡಗಳ ಜಾಡಮಾಲಿಗಳ, ಲಿಫ್ಟ್ ನಡೆಸುವವರ ಕಾರ್ಮಿಕ ಸಂಘ. ನೌಕರರೆಲ್ಲ ಉಪನಗರಗಳಿಗೆ ಹೊರಟುಹೋದರೆ ನಗರದ ನಡುಭಾಗ ಬರಿದಾಗಿ ತಮ್ಮವರ ಕೆಲಸವೂ ಹೋದೀತೆಂಬ ಭಯದಿಂದ, ಕಚೇರಿಗೆ ನಡೆದೇ ಹೋಗಬಹುದಾದ ಮನೆಗಳಿಗೆ ಸಂಘ ಹಣ ಹೂಡಿತು. ನಡಿಗೆಯನ್ನು ಉಳಿಸಲೆಂದು ಎದ್ದ ಆ ಗೋಪುರಗಳ ಕೆಳಗಿನ ಹತ್ತೊಂಬತ್ತು ಮಹಡಿಗಳು ಕಾರು ನಿಲ್ಲಿಸುವ ಜಾಗವೆಂಬುದು ಆ ಕಾಲದ ವಿಪರ್ಯಾಸ. ಪೂರ್ವಕ್ಕೆ, ಇಲಿನಾಯ್ ಸೆಂಟ್ರಲ್ ರೈಲ್ವೆಯ ಹಳೆಯ ಅಂಗಳದ ಮೇಲೆ 1960ರ ದಶಕದ ಕೊನೆಯಿಂದ ಎದ್ದ ಇಲಿನಾಯ್ ಸೆಂಟರಿನಲ್ಲಿ ವ್ಯಾಕರ್ ಡ್ರೈವ್ ಮೂರು ಅಟ್ಟಗಳಾಗುತ್ತದೆ. ಅಲ್ಲಿ ವಿಳಾಸ ಕೇಳುವವರು ಯಾವ ಬೀದಿ ಎಂದಷ್ಟೇ ಅಲ್ಲ, ಯಾವ ಅಟ್ಟ ಎಂದೂ ಕೇಳಬೇಕು.

ಚಳಿಗಾಲದಲ್ಲಿ ಸರೋವರದ ಗಾಳಿಗೆ ಹೆದರಿದವರಿಗೆ ಇನ್ನೊಂದು ದಾರಿ ತೆರೆದದ್ದು 1951ರಲ್ಲಿ, ಎರಡು ಸುರಂಗ ರೈಲುಗಳ ನಿಲ್ದಾಣಗಳ ನಡುವೆ ನಗರಾಡಳಿತ ನೆಲದಡಿ ಹಾದಿಗಳನ್ನು ಕಟ್ಟಿದಾಗ. ಪೆಡ್‌ವೇ ಎಂಬ ಹೆಸರಿನ ಈ ಹಾದಿ ಯಾರೂ ಒಟ್ಟಾಗಿ ಯೋಜಿಸದೆಯೇ ಬೆಳೆಯಿತು. ಒಂದು ಅಂಗಡಿಯ ನೆಲಮಾಳಿಗೆ, ಮುಂದೆ ನಗರಸಭೆಯ ಕಟ್ಟಡದ ತಳ, ಅಲ್ಲಿಂದ ಒಂದು ಹೋಟೆಲಿನ ಮೊಗಸಾಲೆ, ಹೀಗೆ ತುಂಡು ತುಂಡಾಗಿ ಸೇರಿ ಸುಮಾರು 40 ಚೌಕಗಳ ಅಡಿ ಐದು ಮೈಲಿ ಹಬ್ಬಿದೆ. ಪ್ರತಿ ತುಂಡಿನ ಒಡೆತನ ಬೇರೆ, ಬಾಗಿಲು ತೆರೆಯುವ ವೇಳೆ ಬೇರೆ. ಅದಕ್ಕೂ ಕೆಳಗೆ, 1959ರಲ್ಲಿ ಮುಚ್ಚಿದ ಸರಕು ಸುರಂಗಗಳನ್ನು ನಗರ ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1991ರಲ್ಲಿ ಕಿನ್ಜಿ ಸ್ಟ್ರೀಟ್ ಸೇತುವೆಯ ಬಳಿ ನದಿಯೊಳಗೆ ಮರದ ಕಂಬಗಳನ್ನು ಹೊಡೆದಾಗ ಅಡಿಯಲ್ಲಿದ್ದ ಸುರಂಗದ ಗೋಡೆ ಬಿರಿಯಿತು. 1992ರ ಏಪ್ರಿಲ್ 13ರ ಬೆಳಿಗ್ಗೆ ಆ ಬಿರುಕು ಒಡೆದು, ಸುಮಾರು 25 ಕೋಟಿ ಗ್ಯಾಲನ್ ನದಿನೀರು ಸುರಂಗಗಳ ಮೂಲಕ ಲೂಪಿನ ನೆಲಮಾಳಿಗೆಗಳಿಗೆ ನುಗ್ಗಿತು. ಬೀದಿಯ ಮೇಲೆ ಒಂದು ಹನಿಯೂ ಇರಲಿಲ್ಲ. ವಿದ್ಯುತ್ ಕಡಿದು, ಕಚೇರಿಗಳು ಮುಚ್ಚಿ, ಸಾವಿರಾರು ನೌಕರರು ಒಣ ಬೀದಿಗಳಲ್ಲಿ ನಡೆದು ಮನೆಗೆ ಹೋದರು.

ನಡೆಯುವವರಿಗಾಗಿಯೇ ಕಟ್ಟಿದ ನೆಲ ಈ ನಗರದಲ್ಲಿ ಬಂದದ್ದು ಬಹಳ ತಡವಾಗಿ. ವ್ಯಾಕರ್ ಡ್ರೈವಿನ ಕೆಳಗಟ್ಟಕ್ಕೂ ತಗ್ಗಿನಲ್ಲಿ, ನೀರಿನ ಅಂಚಿನಲ್ಲೇ ಸರೋವರದಿಂದ ಲೇಕ್ ಸ್ಟ್ರೀಟಿನವರೆಗೆ ಸುಮಾರು ಒಂದೂಕಾಲು ಮೈಲಿ ಸಾಗುವ ರಿವರ್‌ವಾಕ್ ತುಂಡುತುಂಡಾಗಿ ಕಟ್ಟಿಸಿಕೊಂಡು 2016ರಲ್ಲಿ ಪೂರ್ಣಗೊಂಡಿತು. ದಡದಲ್ಲಿ ಜಾಗವಿರಲಿಲ್ಲವಾದ್ದರಿಂದ ನದಿಯೊಳಕ್ಕೇ 25 ಅಡಿ ಚಾಚಿ ಕಟ್ಟಲಾಯಿತು; ಹಡಗುದಾರಿಯನ್ನು ಅಷ್ಟು ಕಿರಿದಾಗಿಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾಯಿತು. ಹಿಂದೆ ಪ್ರತಿ ಸೇತುವೆಯ ಬಳಿಯೂ ಮೆಟ್ಟಿಲು ಹತ್ತಿ, ಬೀದಿ ದಾಟಿ, ಮತ್ತೆ ಇಳಿಯಬೇಕಾಗಿದ್ದ ಕಡೆ ಈಗ ಸೇತುವೆಗಳ ಅಡಿಯಿಂದಲೇ ದಾರಿ ನೇರವಾಗಿ ಸಾಗುತ್ತದೆ. ಕ್ಲಾರ್ಕ್ ಮತ್ತು ಲಾಸಾಲ್ ಸೇತುವೆಗಳ ನಡುವೆ ಅದು ಹಾದುಹೋಗುವ ಕಟ್ಟೆಯ ಬಳಿಯೇ 1915ರ ಜುಲೈ 24ರಂದು ಈಸ್ಟ್‌ಲ್ಯಾಂಡ್ ಎಂಬ ಹಡಗು, ವಿಹಾರಕ್ಕೆ ಹೊರಟ ಕಾರ್ಖಾನೆಯ ಕೆಲಸಗಾರರ ಸಂಸಾರಗಳನ್ನು ತುಂಬಿಕೊಂಡು, ಇನ್ನೂ ದಡ ಬಿಡುವ ಮೊದಲೇ ಮಗುಚಿ 844 ಜನರು ಸತ್ತರು. ಅಲ್ಲಿ ಈಗ ಮದ್ಯದಂಗಡಿಗಳೂ ಕುರ್ಚಿಗಳೂ ಇವೆ. ದಾರಿಯ ಬದಿಯಲ್ಲಿ ದುರಂತದ ಫಲಕವೂ ಇದೆ.

ನೀರಿಗೆ ಇಷ್ಟು ಹತ್ತಿರ ಇಳಿದ ದಾರಿ ನೀರಿನ ವಶಕ್ಕೆ ಹೋಗುವುದೂ ಉಂಟು. ಮಳೆ ಮಿತಿಮೀರಿದಾಗ, 1900ರಲ್ಲಿ ಹಿಂದಕ್ಕೆ ತಿರುಗಿಸಿದ ನದಿಯನ್ನು ನದೀಮುಖದ ಬಾಗಿಲು ತೆರೆದು ಮತ್ತೆ ಸರೋವರದ ಕಡೆಗೆ ಹರಿಯಬಿಡಬೇಕಾಗುತ್ತದೆ. 2020ರ ಮೇ ತಿಂಗಳ ನಡುವಿನಲ್ಲಿ ಸುರಿದ ಭಾರಿ ಮಳೆಗೆ ರಿವರ್‌ವಾಕ್ ಪೂರ್ತಿ ಮುಳುಗಿತು, ವ್ಯಾಕರ್ ಡ್ರೈವಿನ ಕೆಳಗಟ್ಟವನ್ನು ಮುಚ್ಚಲಾಯಿತು. ದಕ್ಷಿಣ ಕವಲಿನ ಬದಿಯಲ್ಲಿ ವಿಲಿಸ್ ಟವರಿನ ತಳಮಹಡಿಗಳಿಗೆ ನೀರು ನುಗ್ಗಿ ವಿದ್ಯುತ್ ನಿಂತುಹೋದಾಗ, ಅದರ ತುದಿಯ ಆಂಟೆನಾಗಳಿಂದ ಪ್ರಸಾರವಾಗುತ್ತಿದ್ದ ಹಲವು ಟೀವಿ ಮತ್ತು ರೇಡಿಯೋ ಕೇಂದ್ರಗಳು ಮೌನವಾದವು, ಆ 110 ಮಹಡಿಗಳು ಕೆಲವು ರಾತ್ರಿ ಕತ್ತಲಲ್ಲಿದ್ದವು.